ಪಿಲ್‌ನಾಮ್ ಅಕ್ಕ ನೀಲಿ ಉಟ್ಟ ದಿನ

ನಮ್ಮ ದೇಗು ಊರಿನಲ್ಲಿ ಹೆಂಗಸಾದವಳಿಗೆ ಕಸದ ಚೀಲ ಕೆಳಗಿಟ್ಟು ಬರುವುದಕ್ಕೂ ತುಟಿಗೆ ಬಣ್ಣ ಬೇಕು. ಹಚ್ಚದೆ ಹೋದಿರೋ, ಮೇಲಿನ ಮನೆಯವಳು ಲಿಫ್ಟಿನಲ್ಲಿ ಸಿಕ್ಕು ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾಳೆ. ಮದುವೆಯಾಗದ ಹುಡುಗಿಗೆ ಒಂದು ಉಡುಪು, ಶಾಲೆಗೆ ಹೋಗುವ ಮಕ್ಕಳ ತಾಯಿಗೆ ಇನ್ನೊಂದು, ಐವತ್ತು ದಾಟಿದವಳಿಗೆ ಗುಂಗುರು ಕೂದಲು, ಅರವತ್ತು ದಾಟಿದವಳಿಗೆ ನೇರಳೆ ಜಾಕೆಟ್ಟು. ಇದನ್ನೆಲ್ಲ ಯಾವ ಪುಣ್ಯಾತ್ಗಿತ್ತಿ ಗೊತ್ತುಮಾಡಿದಳೋ, ಕೈಗೆ ಸಿಕ್ಕರೆ ನಾಲ್ಕು ಮಾತು ಆಡುವುದಿದೆ. ಆದರೆ ಒಂದು ಕಟ್ಟಳೆಯನ್ನು ಮಾತ್ರ ನಾನೂ ಯಾವತ್ತೂ ಪ್ರಶ್ನೆ ಮಾಡಿದವಳಲ್ಲ. ಮದುವೆಯ ದಿನ ನಮ್ಮ ಅಗಲ ಲಂಗದ ಸಾಂಪ್ರದಾಯಿಕ ಉಡುಪು ಹನ್‌ಬೋಕ್ ಗಂಡಿನ ತಾಯಿಗೆ ನೀಲಿ, ಹೆಣ್ಣಿನ ತಾಯಿಗೆ ಗುಲಾಬಿ. ಬಂದ ಜನ ಮುಖ ನೋಡುವುದಿಲ್ಲ, ಬಣ್ಣ ನೋಡಿ ತಲೆಬಾಗುತ್ತಾರೆ.

ಪಿಲ್‌ನಾಮ್ ಅಕ್ಕ ಈ ನೀಲಿ ಗುಲಾಬಿಗಳನ್ನು ಹೊಲಿಯುವವಳು. ಸೋಮುನ್ ಪೇಟೆಯ ಎರಡನೆಯ ಮಹಡಿಯಲ್ಲಿ ಅವಳ ಅಂಗಡಿ, ಅದರ ಎದುರಿಗೇ ನನ್ನದು. ನಾನು ಮಾರುವುದು ಒಳಲಂಗ, ಬಿಳಿ ಕಾಲುಚೀಲ, ಮೂತಿ ಮೇಲೆತ್ತಿದ ಚಪ್ಪಲಿ. ಹನ್‌ಬೋಕ್ ಅವಳಲ್ಲಿ ಕೊಂಡವರು ಉಳಿದದ್ದಕ್ಕೆ ನನ್ನ ಹತ್ತಿರ ಬರುತ್ತಾರೆ, ಹಾಗೆ ಇಪ್ಪತ್ತಾರು ವರ್ಷದಿಂದ ಇಬ್ಬರೂ ಎದುರುಬದುರು ಕೂತು ಜಗಳವಾಡಿದ್ದೇವೆ. ಅವಳು ಬೆಳ್ಳುಳ್ಳಿ ಬೆಳೆಯುವ ಹಳ್ಳಿಯಿಂದ ಹದಿನೇಳಕ್ಕೆ ಬಂದು ನೇಯ್ಗೆ ಗಿರಣಿ ಸೇರಿದವಳು. ಗಿರಣಿ ಮುಚ್ಚಿದ ಮೇಲೆ ಸೂಜಿ ಹಿಡಿದಳು. ಗಂಡ ಹೊಟ್ಟೆಯ ಹುಣ್ಣಿನಿಂದ ಹೋದಾಗ ಮಗಳು ಸೋದಮ್‌ಗೆ ಆರು ವರ್ಷ. ಆ ಹುಡುಗಿ ಬಟ್ಟೆಯ ಥಾನುಗಳ ಮಧ್ಯೆಯೇ ಮಲಗಿ, ಅಲ್ಲೇ ಪಾಠ ಓದಿ, ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರುವಷ್ಟು ದೊಡ್ಡವಳಾದಳು.

ಊರಿನ ಅರ್ಧ ತಾಯಂದಿರಿಗೆ ಬಣ್ಣ ಆರಿಸಿಕೊಟ್ಟ ಈ ನಮ್ಮ ಅಕ್ಕನ ಅಂದಚಂದ ಕೇಳಬೇಡಿ. ಹೂವಿನ ಚಿತ್ರದ ದೊಗಳೆ ಪೈಜಾಮ, ಎದೆಯ ತುಂಬ ಸೂಜಿ ಚುಚ್ಚಿದ ತೋಳಿಲ್ಲದ ಹತ್ತಿಯ ಅಂಗಿ, ಬಿಗಿಯಾದ ಗುಂಗುರು ಕೂದಲು. ಗಿರಾಕಿಗಳಿಗೆ ಮಾತ್ರ ಅವಳದೇ ಆಜ್ಞೆ. ಯಾವಳಾದರೂ ಸ್ವಲ್ಪ ಹಸಿರು ಬೆರೆಸಿದರೆ ಹೇಗೆ ಎಂದು ರಾಗ ಎಳೆದರೆ, ನಿನ್ನ ಮಗನ ಮದುವೆಯೋ ನಿನ್ನದೋ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಕಳೆದ ವರ್ಷ ಸೋದಮ್‌ಗೆ ಮದುವೆ ಗೊತ್ತಾಯಿತು. ಹುಡುಗ ತೇಗ್ಯು, ಒಳ್ಳೆಯವನೇ. ಆದರೆ ಮನೆತನ ದುಡ್ಡಿದ್ದವರ ಬಡಾವಣೆ ಸೂಸಂಗ್ ಕಡೆಯದು. ಅಪ್ಪ ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ತಾಯಿ ಹ್ಯೇರಾನ್ ಎಂಬಾಕೆ ಮೊದಲು ಪಿಯಾನೊ ಕಲಿಸುತ್ತಿದ್ದಳಂತೆ. ಎರಡೂ ಮನೆಯವರು ಮೊದಲ ಸಲ ಊಟಕ್ಕೆ ಸೇರಿದ ದಿನ ಹ್ಯೇರಾನ್ ಐದೇ ಮಾತು ಆಡಿದಳು, ಅದರಲ್ಲಿ ಮೂರು ಹವೆಯ ಮೇಲೆ. ಮೀನು ಮುಟ್ಟಲಿಲ್ಲ. ಅದಾದರೂ ಹೋಗಲಿ. ಅಂಥ ದಿನ ಗಂಡಿನ ತಾಯಿ ಹೆಣ್ಣಿನ ತಾಯಿಗೆ ಹೇಳಲೇಬೇಕಾದ ಒಂದು ಮಾತಿದೆ. ಮಗಳ ಹಾಗೇ ನೋಡಿಕೊಳ್ಳುತ್ತೇನೆ ಎಂದು. ಮನಸ್ಸಿನಲ್ಲಿ ಏನೇ ಇರಲಿ, ಎಲ್ಲರೂ ಹೇಳುತ್ತಾರೆ, ನನ್ನ ಅತ್ತೆಯೂ ಹೇಳಿದ್ದಳು, ಆಮೇಲೆ ಹೇಗೆ ನೋಡಿಕೊಂಡಳು ಎನ್ನುವುದು ಬೇರೆ ಕಥೆ. ಹ್ಯೇರಾನ್ ಮಾತ್ರ ಅದನ್ನು ಹೇಳದೆ ಎದ್ದುಹೋದಳು.

ಅಕ್ಕನಿಗೆ ಅದೊಂದೇ ಕೊರಗು ಹಿಡಿಯಿತು. ಆ ಮನೆಯವರು ನನ್ನ ಮಗಳನ್ನು ಮನಸ್ಸಿಟ್ಟು ಒಪ್ಪಿದ್ದಾರಾ, ಮಗನ ಹಟಕ್ಕೆ ಹಲ್ಲು ಕಚ್ಚಿಕೊಂಡು ಒಪ್ಪಿದ್ದಾರಾ? ಬೆಳಗ್ಗೆ ಅಂಗಡಿಯ ಪರದೆ ಸರಿಸುವಾಗ ಶುರುವಾದರೆ ಸಂಜೆ ಮುಚ್ಚುವವರೆಗೂ ಇದೇ. ಹ್ಯೇರಾನ್ ಒಂದು ಪೆಟ್ಟಿಗೆ ಪೇರುಹಣ್ಣು ಕಳಿಸಿದರೆ ಅದು ಪ್ರೀತಿಯೋ ಶಿಷ್ಟಾಚಾರವೋ ಎಂದು ಹಣ್ಣು ತಿರುಗಿಸಿ ನೋಡುತ್ತಿದ್ದಳು. ಮೆಸೇಜಿನ ಕೊನೆಯಲ್ಲಿ ನಗುವ ಮುಖ ಇಲ್ಲದಿದ್ದರೆ ನನಗೆ ತಂದು ತೋರಿಸುತ್ತಿದ್ದಳು. ನಾನು ರೇಗಿ, ಅಕ್ಕಾ, ಅವಳ ಮನಸ್ಸು ಓದೋಕೆ ನಾನೇನು ಶಾಸ್ತ್ರ ಹೇಳೋಳಾ ಎಂದು ಗದರಿದರೂ ಮರುದಿನ ಮತ್ತೆ ಅದೇ ರಾಮಾಯಣ.

ಹೀಗಿರುವಾಗ ಹ್ಯೇರಾನ್ ಒಬ್ಬಳೇ ಅಂಗಡಿಗೆ ಬಂದಳು. ಇಬ್ಬರೂ ತಾಯಂದಿರ ಹನ್‌ಬೋಕ್ ಒಂದೇ ಕಡೆ, ಒಂದೇ ಮಾದರಿಯಲ್ಲಿ ಆಗಬೇಕಾದ್ದರಿಂದ ಬರುವುದು ಸಹಜವೇ. ಅಕ್ಕ ನೀಲಿಯ ಹದಿನಾಲ್ಕು ಥಾನು ಇಳಿಸಿ ಇಟ್ಟಿದ್ದಳು. ಹ್ಯೇರಾನ್ ಅವನ್ನು ಮುಟ್ಟದೆ ಚೀಲದಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಈಗ ಊರಲ್ಲೆಲ್ಲ ಆ ಹುಚ್ಚು. ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತರೆ ಒಬ್ಬಳು ಹುಡುಗಿ ಹೆಗಲ ಮೇಲೆ ನೂರಾರು ಬಟ್ಟೆಯ ತುಂಡು ಹಾಸಿ, ನಿಮ್ಮ ಮೈಬಣ್ಣ ಬೆಚ್ಚನೆಯದು, ತಣ್ಣನೆಯದು, ನಿಮ್ಮದು ವಸಂತ, ನಿಮ್ಮದು ಚಳಿಗಾಲ ಎಂದು ಬರೆದುಕೊಡುತ್ತಾಳೆ. ಹ್ಯೇರಾನ್ ವಸಂತವಂತೆ. ಕಾರ್ಡಿನ ಕೆಳಗೆ ನೀಲಿಯ ಮೇಲೆ ಗೀಟು ಹೊಡೆದಿತ್ತು.

“ಬೀಗರೇ, ನಿಮಗೆ ತೊಂದರೆ ಆಗದಿದ್ರೆ ಒಂದು ಕೇಳಲಾ?” ಎಂದಳು, ತುಂಬ ಮೆಲ್ಲಗೆ. “ನೀಲಿ ಹಾಕ್ಕೊಂಡ್ರೆ ನಾನು ಆಸ್ಪತ್ರೆಯಿಂದ ಎದ್ದು ಬಂದ ಹಾಗೆ ಕಾಣ್ತೀನಿ. ಗುಲಾಬಿ ನನಗಿರಲಿ. ನಿಮಗೆ ನೀಲಿ ಒಪ್ಪುತ್ತೆ.”

ನಾನು ಎದುರಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮೈಯೆಲ್ಲ ಉರಿದುಹೋಯಿತು. ಹೆಣ್ಣಿನ ತಾಯಿಯ ಬಣ್ಣವನ್ನೇ ಕೇಳುವ ಗಂಡಿನ ತಾಯಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಪಿಲ್‌ನಾಮ್ ಅಕ್ಕ ಆ ಕಾರ್ಡನ್ನು ಸೂಜಿ ಚುಚ್ಚಲು ಇಟ್ಟುಕೊಳ್ಳುತ್ತಿದ್ದಳು. ಆದರೆ ಅವಳು ಎದ್ದು ನಿಂತು, ಆಗಲಿ ಬೀಗರೇ, ಬಟ್ಟೆ ತಾನೇ ಎಂದಳು. ಆಮೇಲೆ ಒಳಗೆ ಹೋಗಿ, ಮೇಲಿನ ಅಟ್ಟದಿಂದ ಒಂದು ಗುಲಾಬಿ ರೇಷ್ಮೆ ತಂದಳು. ನನಗೆ ಆ ರೇಷ್ಮೆ ಗೊತ್ತು. ಸೋದಮ್ ಕಾಲೇಜು ಮುಗಿಸಿದ ವರ್ಷ ಅಕ್ಕ ಕೊಂಡು, ಮಗಳ ಮದುವೆಗೆ ತಾನು ಉಡಲೆಂದು ಎತ್ತಿಟ್ಟದ್ದು. ಹ್ಯೇರಾನ್ ಅದನ್ನು ಕೆನ್ನೆಗೆ ಹಿಡಿದು ಕನ್ನಡಿ ನೋಡಿಕೊಂಡಳು. ಅವಳಿಗೆ ಒಪ್ಪಿತು, ಅದು ಇನ್ನೂ ಹೊಟ್ಟೆ ಉರಿಸಿತು.

ಅವಳು ಹೋದ ಮೇಲೆ ಪೇಟೆಯ ಹೆಂಗಸರೆಲ್ಲ ಸೇರಿದರು. ಗುಂಡಿ ಮಾರುವವಳು ಇದು ಅವಮಾನ ಎಂದಳು. ನೂಡಲ್ಸ್ ಅಂಗಡಿಯ ಅಜ್ಜಿ, ಸಲಿಗೆ ಇಲ್ಲದಿದ್ದರೆ ಹೀಗೆ ಕೇಳುತ್ತಿದ್ದಳೇ, ಇದು ಒಳ್ಳೆಯ ಲಕ್ಷಣ ಎಂದಳು. ಇನ್ನೊಬ್ಬಳು ಇಬ್ಬರೂ ತಿಳಿಹಸಿರು ಉಡಲಿ, ಪೀಡೆ ತೊಲಗಲಿ ಎಂದಳು. ಅಕ್ಕ ಎಲ್ಲರ ಮಾತಿಗೂ ಹೌದು ಹೌದು ಎಂದು ತಲೆಯಾಡಿಸಿದಳು, ಅದನ್ನು ನೋಡಿಯೇ ನನಗೆ ಭಯವಾಯಿತು. ಯಾರ ಮಾತಿಗೂ ಹೌದು ಎಂದವಳೇ ಅಲ್ಲ ಅವಳು. ಸೋದಮ್‌ಗೆ ಫೋನು ಮಾಡಿದರೆ, ಯಾವ ಬಣ್ಣವಾದರೇನಮ್ಮ, ಬಟ್ಟೆ ತಾನೇ ಎಂದು ಅವಳೂ ಅದನ್ನೇ ಹೇಳಿದಳು. ತಾನು ಹೇಳಿದ ಮಾತೇ ಮಗಳ ಬಾಯಲ್ಲಿ ಬಂದಾಗ ಅಕ್ಕನ ಮುಖ ಸಣ್ಣದಾಯಿತು.

ಅದಕ್ಕಿಂತ ದೊಡ್ಡ ಪಜೀತಿ ಮರುದಿನ ಶುರುವಾಯಿತು. ಆ ಕಾರ್ಡು ಅವಳ ತಲೆಗೆ ಹೊಕ್ಕಿತ್ತು. ಹಳೆಯ ಗಿರಾಕಿಗಳು ಕೊಟ್ಟ ಮದುವೆಯ ಫೋಟೋಗಳ ಆಲ್ಬಂ ಹರಡಿಕೊಂಡು ಕೂತಳು. ಗಂಡಿನ ತಾಯಂದಿರ ಮುಖಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ, ಇವಳಿಗೆ ನೀಲಿ ಒಪ್ಪಿದೆಯಾ, ಇವಳು ರೋಗಿಯ ಹಾಗೆ ಕಾಣುತ್ತಾಳಾ ಎಂದು ನನ್ನ ಪ್ರಾಣ ತಿಂದಳು. ನೋಡುತ್ತ ನೋಡುತ್ತ ನನಗೂ ಎಲ್ಲರೂ ರೋಗಿಗಳ ಹಾಗೆಯೇ ಕಾಣಿಸತೊಡಗಿದರು.

“ಮಲ್ಜಾ, ಇಷ್ಟು ವರ್ಷ ಎಷ್ಟು ಜನರ ಮುಖ ಕೆಡಿಸಿಬಿಟ್ಟೆನೇ ನಾನು?” ಎಂದಳು. “ಬಣ್ಣ ಗೊತ್ತು ಅಂದ್ಕೊಂಡಿದ್ದೆ. ಈಗ ನನ್ನ ಬಣ್ಣ ಯಾವುದು ಅಂತಾನೇ ಗೊತ್ತಿಲ್ಲ.”

ನೀಲಿಯನ್ನು ಕುತ್ತಿಗೆಗೆ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ನಿಂತಳು, ಮೆಟ್ಟಿಲಿನ ಬಿಸಿಲಿಗೆ ಹೋಗಿ ನಿಂತಳು. ಅವಳಿಗೆ ನೀಲಿ ಒಪ್ಪುತ್ತಿತ್ತೋ ಇಲ್ಲವೋ ಸತ್ಯವಾಗಿಯೂ ನನಗೆ ತಿಳಿಯಲಿಲ್ಲ. ಒಪ್ಪುತ್ತದೆ ಎಂದು ಹೇಳಿ ಕೈ ತೊಳೆದುಕೊಂಡೆ. ಎರಡು ವಾರ ಅವಳೇ ಕೂತು ಎರಡನ್ನೂ ಹೊಲಿದಳು. ಹ್ಯೇರಾನ್‌ಳ ಗುಲಾಬಿ ಮೊದಲು ಮುಗಿಯಿತು. ತನ್ನ ನೀಲಿಯ ಕತ್ತುಪಟ್ಟಿಯನ್ನು ಮೂರು ಸಲ ಬಿಚ್ಚಿ ಹಾಕಿದಳು.

ಮದುವೆ ಅಕ್ಟೋಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ. ಕಲ್ಯಾಣಮಂಟಪದ ಬಾಗಿಲ ಎಡಕ್ಕೆ ಗಂಡಿನವರು, ಬಲಕ್ಕೆ ಹೆಣ್ಣಿನವರು ನಿಂತರು. ಅಕ್ಕನ ಪಕ್ಕದಲ್ಲಿ ಅವಳ ಮೈದುನ. ಲಿಫ್ಟಿನಿಂದ ಇಳಿದವರು ನೀಲಿಯನ್ನು ಕಂಡು ನೇರವಾಗಿ ಅಕ್ಕನ ಹತ್ತಿರ ಬಂದು, ಸೊಸೆ ತಂದುಕೊಂಡಿರಿ, ಸಂತೋಷ ಎಂದು ಬಾಗುತ್ತಿದ್ದರು. ಅಕ್ಕ ಅವರನ್ನು ಎಡಕ್ಕೆ ಕಳಿಸಬೇಕು. ಅಲ್ಲಿಂದ ಅಕ್ಕನ ಹಳ್ಳಿಯ ಕಡೆಯವರನ್ನು ಹ್ಯೇರಾನ್ ಬಲಕ್ಕೆ ಕಳಿಸಬೇಕು. ಮಧ್ಯದಲ್ಲಿ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕಕ್ಕಾಬಿಕ್ಕಿ. ಅಕ್ಕನ ಚಿಕ್ಕತ್ತೆ ಒಬ್ಬಳು ತಾನು ಬೇರೆ ಯಾರದೋ ಮದುವೆಗೆ ಬಂದಿದ್ದೇನೆಂದು ವಾಪಸು ಲಿಫ್ಟು ಹತ್ತಿದ್ದಳು, ನಾನು ಓಡಿಹೋಗಿ ಹಿಡಿದು ತಂದೆ.

ಒಳಗೆ ಇನ್ನೊಂದು. ಮೊದಲಿಗೆ ಇಬ್ಬರೂ ತಾಯಂದಿರು ಕೈಕೈ ಹಿಡಿದು ನಡೆದುಹೋಗಿ ಮೇಣದಬತ್ತಿ ಹಚ್ಚಬೇಕು. ಗಂಡಿನ ಕಡೆಗೆ ನೀಲಿ ಬತ್ತಿ, ಹೆಣ್ಣಿನ ಕಡೆಗೆ ಕೆಂಪು. ಬಿಳಿ ಕೈಗವಸು ತೊಟ್ಟ ಮಂಟಪದ ಹುಡುಗಿ ಬಣ್ಣ ನೋಡಿ ಅಕ್ಕನನ್ನು ಮೊಣಕೈ ಹಿಡಿದು ನೀಲಿ ಬತ್ತಿಯ ಮುಂದೆ ನಿಲ್ಲಿಸಿಬಿಟ್ಟಳು. ಹ್ಯೇರಾನ್ ಕೆಂಪಿನ ಮುಂದೆ. ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೂರು ಜನರ ಮುಂದೆ ಜಾಗ ಬದಲಿಸುವುದು ಹೇಗೆ? ಹಚ್ಚಿಯೇಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ, ಗಂಡಿನ ತಾಯಿ ಎಷ್ಟು ಸರಳ ನೋಡು ಎಂದರು.

ಅನಾಹುತ ಆದದ್ದು ಊಟದ ಹಾಲಿನಲ್ಲಿ. ಇಬ್ಬರು ತಾಯಂದಿರೂ ಒಂದೊಂದು ಮೇಜಿಗೂ ಹೋಗಿ ಮಾತಾಡಿಸುವುದು ಪದ್ಧತಿ. ಹ್ಯೇರಾನ್ ಯಾರೊಂದಿಗೋ ಹಿಂದೆ ನಿಂತಳು, ಅಕ್ಕ ಮುಂದೆ ಬಂದುಬಿಟ್ಟಳು. ನಾನು ತಟ್ಟೆಯಲ್ಲಿ ಪಕ್ಕೆಲುಬಿನ ಮಾಂಸ ಹಾಕಿಕೊಂಡು ಅವಳ ಹಿಂದೆಯೇ ಇದ್ದೆ. ಒಂದು ಮೇಜಿನಲ್ಲಿ ಮೂವರು ಹೆಂಗಸರು ಕೂತಿದ್ದರು. ತೇಗ್ಯುವಿನ ಅಪ್ಪ ಮೂರು ವರ್ಷ ಪೋಹಾಂಗ್ ಊರಿನ ಕಛೇರಿಗೆ ವರ್ಗವಾಗಿ, ಹೆಂಡತಿಯನ್ನು ಇಲ್ಲೇ ಬಿಟ್ಟು ಒಬ್ಬನೇ ಇದ್ದನಂತೆ, ಅಲ್ಲಿಯವರು. ಹ್ಯೇರಾನ್‌ಳನ್ನು ಒಮ್ಮೆಯೂ ನೋಡಿದವರಲ್ಲ. ಮುಯ್ಯಿಯ ಲಕೋಟೆ ಕೊಟ್ಟು, ಮದುವೆ ನೋಡದೆ ನೇರವಾಗಿ ಊಟಕ್ಕೆ ಬಂದಿದ್ದರು. ಅರ್ಧ ಜನ ಹಾಗೆಯೇ ಮಾಡುವುದು, ನಾನೂ ಮಾಡುತ್ತೇನೆ. ಅವರಲ್ಲಿ ಹಿರಿಯಳು ನೀಲಿ ಕಂಡವಳೇ ಎದ್ದು ಅಕ್ಕನ ಎರಡೂ ಕೈ ಹಿಡಿದಳು.

“ಅಂತೂ ಮದುವೆ ಮಾಡಿಬಿಟ್ಟಿರಿ,” ಎಂದಳು, ಧ್ವನಿ ತಗ್ಗಿಸಿ. “ನಿಮ್ಮ ಯಜಮಾನರು ಎಲ್ಲ ಹೇಳಿದ್ರು. ಹುಡುಗಿಗೆ ಅಪ್ಪ ಇಲ್ಲ, ತಾಯಿ ಪೇಟೆಯಲ್ಲಿ ಹೊಲಿಯೋಳು ಅಂತ ನೀವು ಮೂರು ದಿನ ಊಟ ಬಿಟ್ಟಿದ್ರಂತೆ. ನಾನಾದ್ರೆ ಒಪ್ತಿರಲಿಲ್ಲಮ್ಮ. ನೀವು ಹೇಗೆ ಮನಸ್ಸು ಮಾಡಿದ್ರಿ?”

ನನ್ನ ತಟ್ಟೆ ಓರೆಯಾಗಿ ಸಾರು ಕೈಮೇಲೆ ಚೆಲ್ಲಿತು. ಅಕ್ಕ ಅದೆಷ್ಟೋ ತಿಂಗಳಿನಿಂದ ಹಣ್ಣಿನಲ್ಲಿ, ಮೆಸೇಜಿನಲ್ಲಿ ಹುಡುಕುತ್ತಿದ್ದ ಉತ್ತರ ಅದು, ಎದುರಿಗೇ ಬಂದು ನಿಂತಿತ್ತು. ಈ ಹೆಂಗಸಿನ ಕೂದಲು ಹಿಡಿದು ಎಳೆಯೋಣ ಎಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕ ಹಿಂದೆ ತಿರುಗದೆಯೇ ಒಂದು ಕೈ ಬಿಡಿಸಿಕೊಂಡು ನನ್ನ ತೋಳು ಹಿಡಿದಳು. ನಾನು ಗಂಡಿನ ತಾಯಿಯಲ್ಲ ಎಂದು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಹೆಂಗಸರ ಮುಖಕ್ಕೆ ಮಸಿ, ತೇಗ್ಯುವಿನ ಅಪ್ಪನ ಮುಖಕ್ಕೆ ಮಸಿ, ಅದೆಲ್ಲ ಕೊನೆಗೆ ಸುತ್ತಿ ಬಂದು ಬೀಳುವುದು ಸೋದಮ್ ತಲೆಯ ಮೇಲೆ. ಅಕ್ಕ ಆ ಹಿರಿಯಳ ಕೈ ತಟ್ಟಿದಳು.

“ಹೌದು, ಊಟ ಬಿಟ್ಟಿದ್ದೆ,” ಎಂದಳು. “ತಪ್ಪಾಯ್ತು. ಆ ಹುಡುಗೀನ ನೋಡಿದ ಮೇಲೆ ಹೊಟ್ಟೆ ತುಂಬ ಉಂಡೆ. ತಾಯಿಯೂ ಏನು ಸಾಮಾನ್ಯದೋಳಲ್ಲ. ನಾನು ಒಪ್ಪದಿದ್ರೆ ಕತ್ತರಿ ಹಿಡ್ಕೊಂಡು ನಮ್ಮನೆಗೇ ಬಂದುಬಿಡ್ತಿದ್ಳು.”

ಮೂವರೂ ನಕ್ಕರು. ನಗುತ್ತಿದ್ದವರು ಅಕ್ಕನ ಹೆಗಲ ಹಿಂದೆ ನೋಡಿ ಸುಮ್ಮನಾದರು. ಗುಲಾಬಿ ಉಟ್ಟು ಹ್ಯೇರಾನ್ ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಮುಖದಲ್ಲಿ ರಕ್ತವೇ ಇರಲಿಲ್ಲ. ಹಿರಿಯಳು ನಾಲಿಗೆ ಕಚ್ಚಿಕೊಂಡು, ಇವರು ಹುಡುಗಿಯ ತಾಯಿ ಇರಬೇಕು ಅಲ್ಲವೇ ಎಂದಳು.

ಈಗ ಎಲ್ಲ ಬಯಲಾಯಿತು ಎಂದುಕೊಂಡೆ. ಹ್ಯೇರಾನ್ ಅಕ್ಕನನ್ನು ನೋಡಿದಳು, ಮೇಜಿನವರನ್ನು ನೋಡಿದಳು.

“ಹೌದು, ನಾನೇ ಹುಡುಗಿಯ ತಾಯಿ,” ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿ, ಸೊಂಟದಿಂದ ಬಾಗಿದಳು. ಹೆಣ್ಣಿನ ತಾಯಿ ಗಂಡಿನ ತಾಯಿಗೆ ಬಾಗುತ್ತಾಳಲ್ಲ, ಅಷ್ಟು ಕೆಳಗೆ. “ಏನೂ ತಿಳಿಯದ ಮಗು, ಬೀಗರೇ. ತಪ್ಪು ಮಾಡಿದ್ರೆ ಬೈದು ತಿದ್ದಿ. ಕೈಬಿಡಬೇಡಿ.”

ಬಾಗಿದವಳು ಏಳಲಿಲ್ಲ. ಗಂಡಿನ ತಾಯಿಯ ಉತ್ತರ ಬರುವವರೆಗೆ ಏಳುವಂತಿಲ್ಲ. ಪೋಹಾಂಗ್‌ನವರು ಅಕ್ಕನನ್ನೇ ನೋಡುತ್ತಿದ್ದರು. ನಾನು ಅವಳ ಬೆನ್ನಿಗೆ ಕೈಕೊಟ್ಟೆ.

“ಮಗಳ ಹಾಗೇ ನೋಡ್ಕೊಳ್ತೀನಿ, ಬೀಗರೇ,” ಎಂದಳು ಪಿಲ್‌ನಾಮ್ ಅಕ್ಕ. “ನನ್ನ ಹೊಟ್ಟೇಲಿ ಹುಟ್ಟಿದೋಳ ಹಾಗೇ.”

ಹ್ಯೇರಾನ್ ಎದ್ದಾಗ ಕಣ್ಣು ಕೆಂಪಾಗಿತ್ತು. ಇಬ್ಬರೂ ಮುಂದಿನ ಮೇಜಿಗೆ ಹೋದರು. ಹಿರಿಯಳು ಕಣ್ಣೊರೆಸಿಕೊಂಡು, ಹೊಲಿಯುವವಳಾದರೂ ಎಷ್ಟು ಸಂಸ್ಕಾರವಂತೆ ನೋಡಿದೆಯಾ ಎಂದು ನನ್ನನ್ನೇ ಕೇಳಿದಳು. ನಾನು ತಟ್ಟೆಗೆ ಮುಖ ಹಾಕಿ ಹೌದು ಎಂದೆ.

ಆ ಹೆಂಗಸು ನಾಚಿಕೆಗೆ ಬಾಗಿದಳೋ, ಗಂಡನ ಮಾನ ಉಳಿಸಲು ಬಾಗಿದಳೋ, ಕ್ಷಮೆ ಕೇಳಿದಳೋ, ನನ್ನ ತಲೆ ಕೆಟ್ಟು ಕೆರ ಹಿಡಿದುಹೋಯಿತು. ಊಟ ಮುಗಿದ ಮೇಲೆ ಅಕ್ಕ ನನ್ನನ್ನು ಶೌಚಾಲಯಕ್ಕೆ ಎಳೆದುಕೊಂಡು ಹೋದಳು. ಅಷ್ಟು ಅಗಲದ ಲಂಗ, ಒಬ್ಬರು ಎತ್ತಿ ಹಿಡಿಯದಿದ್ದರೆ ಒಳಗೆ ಹೋಗುವಂತಿಲ್ಲ. ಆದರೆ ಅವಳು ಒಳಗೆ ಹೋಗಲಿಲ್ಲ. ಕನ್ನಡಿಯ ಮುಂದೆ ನಿಂತು ನೀಲಿಯಲ್ಲಿ ತನ್ನನ್ನೇ ನೋಡಿಕೊಂಡಳು. ಪುಡಿ ಹಚ್ಚಿದ ಕೆನ್ನೆಯ ಮೇಲೆ ನೀರು ಎರಡು ಗೆರೆಯಾಗಿ ಇಳಿದಿತ್ತು. ಅಳಬೇಡ ಅಕ್ಕ, ಅವಳು ಬಾಗಿದಳಲ್ಲ, ಇನ್ನೇನು ಬೇಕು ನಿನಗೆ ಎಂದೆ.

“ಅದಲ್ಲ ಕಣೇ, ಮಲ್ಜಾ,” ಎಂದಳು. “ಇಷ್ಟು ತಿಂಗಳು ಆ ಒಂದು ಮಾತು ಅವಳ ಬಾಯಿಂದ ಬರಲಿ ಅಂತ ಕಾದೆ. ಇವತ್ತು ನಾನೇ ಹೇಳಿಬಿಟ್ಟೆ. ಈಗ ಅವಳು ಹೇಳಿದ ಹಾಗಾಯ್ತಾ, ಹೇಳದೇ ಹೋದ ಹಾಗಾಯ್ತಾ?”

ಆ ನೀಲಿ ಲಂಗದ ಅಂಚು ನೆಲದ ನೀರಿಗೆ ತಾಗದ ಹಾಗೆ ನಾನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೆ.